ಜನ ಇಲ್ದಿರೋ ಬೆಟ್ಟದ ಪಟ

ನಾನೇನೂ ಸುದ್ದಿ ಉಡುಕ್ಕಂಡು ಓಗೋಳಲ್ಲ. ಗೋಡೆ ಪಕ್ಕದಲ್ಲೇ ಇಂಥೋರು ಬಂದು ಸೇರ್ಕಂಡ್ರೆ ಸುದ್ದೀನೇ ನಮ್ಮ ಜಗಲಿಗೆ ಬಂದು ಕೂತ್ಕತ್ತದೆ, ನಾನೇನ್ ಮಾಡ್ಲಿ?

ನಯಾಪೈಸೆ ಬಂದ ಒಸದು. ಗೊರೂರಲ್ಲಿ ಇನ್ನೂ ಅಣೆಕಟ್ಟಿರ್ಲಿಲ್ಲ. ಹೊಳೆನರಸೀಪುರದಲ್ಲಿ ನಮ್ಮನೆ ಪಕ್ಕದ ಕೋಣೇಲಿ ಒಬ್ಬ ಸ್ಟುಡಿಯೋ ಇಟ್ಟಿದ್ದ. ಕೋಣೆ ಅವ್ನ ಮಾವಂದು, ತೆಂಗಿನಕಾಯಿ ಮಂಡಿ ಗೌಡ್ರುದು. ಈ ಅಳಿಯಂಗೆ ಮನುಷ್ಯರ ಮುಖ ಅಂದ್ರೆ ಆಗ್ತಿರ್ಲಿಲ್ಲ. ಬೆಟ್ಟ, ಬಂಡೆ, ಮೋಡ, ಇವೇ ಬೇಕು. ಸಾಲ್ದು ಅಂತ ಇಬ್ಬರು ಶಿಷ್ಯರ್ನ ಬೇರೆ ಕಟ್ಕಂಡಿದ್ದ. ಒಬ್ರು ಅರಕಲಗೂಡಿನ ಡ್ರಾಯಿಂಗ್ ಮೇಷ್ಟ್ರು, ಇನ್ನೊಬ್ರು ಚನ್ನರಾಯಪಟ್ಣದ ಜವಳಿ ಅಂಗಡಿ ಜೈನರು. ಭಾನುವಾರ ಬಂತು ಅಂದ್ರೆ ರಂಗಪ್ಪನ ಬೆಟ್ಟದ ಮೇಲೆ ಪಾಠ. ಬುತ್ತಿ ಕಟ್ಕೊಡೋಳು ನಾನು. ಬುತ್ತಿ ಓದ ಕಡೆ ನಾನೂ ಓಗ್ತಿದ್ದೆ. ಕಣ್ಣಾರೆ ನೋಡ್ದಿದ್ರೆ ನಂಗೆ ಉಂಡಿದ್ದು ಅರಗಲ್ಲ.

ಒಂದಿನ ಮಾವ ಬಂದು ಸ್ಟುಡಿಯೋ ಬಾಗ್ಲಲ್ಲೇ ನಿಂತ್ರು. "ಅಳಿಯಂದ್ರೇ, ಜನ ಇಲ್ದಿರೋ ಪಟ ಯಾವನಿಗೆ ಬೇಕು? ಬೆಟ್ಟ ನೋಡ್ಬೇಕು ಅಂದ್ರೆ ಕತ್ತೆತ್ತಿದ್ರೆ ಕಾಣ್ತದೆ. ಈ ದಸರೇಲಿ ಮೈಸೂರು ವಸ್ತುಪ್ರದರ್ಶನದಿಂದ ಒಂದು ಬೌಮಾನ ತನ್ನಿ. ಇಲ್ಲಾಂದ್ರೆ ಕೋಣೆ ಬೀಗ ನನ್ ಕೈಗೆ ಕೊಟ್ಟು ಮಂಡೀಲಿ ಕಾಯಿ ಸುಲಿಯಕ್ಕೆ ಬನ್ನಿ."

ಇವ್ನ ಮುಖ ಸುಲ್ದ ಕಾಯಿ ಅಂಗಾಯ್ತು. ಅವತ್ತಿಂದ ಜೀವ ಎಲ್ಲಾ ಆ ಒಂದ್ ಪಟದ ಮೇಲೆ.

ಶಾಂತಿ ಮಾಡಿಸಿದ್ದು

ಅವ್ನ ಕ್ಯಾಮೆರಾ ಅಂದ್ರೆ ಮೂರು ಕಾಲಿನ ಮರದ ಪೆಟ್ಟಿಗೆ. ಕರೀ ಬಟ್ಟೆ ಮುಸುಕು ಆಕ್ಕಂಡು ನೋಡಿದ್ರೆ ಇಂದ್ಗಡೆ ಗಾಜಲ್ಲಿ ಎಲ್ಲಾ ತಲೆಕೆಳಗೆ ಕಾಣ್ತದೆ. ಬೆಟ್ಟದ ಗುಡಿ ಅರ್ಚಕರು ಬಂದೋರು ಸುಮ್ನಿರ್ದೆ ಮುಸುಕಿನೊಳಕ್ಕೆ ತಲೆ ತೂರಿಸಿದ್ರು. ತೂರಿಸಿದಷ್ಟೇ ಬೇಗ ಈಚೆಗೆ ಬಂದ್ರು.

"ರಾಮರಾಮಾ! ಗುಡೀನೇ ತಲೆಕೆಳಗೆ ಮಾಡ್ಬಿಟ್ಟಿದೀರಲ್ರೀ!"

"ಗಾಜಲ್ಲಿ ಮಾತ್ರ ಸ್ವಾಮಿ. ಪಟದಲ್ಲಿ ನೆಟ್ಟಗೇ ಬತ್ತದೆ."

"ಗಾಜಲ್ಲಾದ್ರೂ ದೋಷ ದೋಷವೇ. ಶಾಂತಿ ಆಗ್ಬೇಕು."

ಆಯ್ತು. ಪೆಟ್ಟಿಗೆಗೆ ಕುಂಕುಮ ಇಟ್ರು, ಹೂ ಮುಡಿಸಿದ್ರು, ಮಂಗಳಾರತಿ ಎತ್ತಿದ್ರು, ಮೇಲೆ ಒಂದುದ್ಧರಣೆ ತೀರ್ಥ ಚಿಮುಕಿಸಿದ್ರು. ಮೇಷ್ಟ್ರೂ ಜವಳಿಯವ್ರೂ ಅದೂ ಪಾಠದಲ್ಲಿ ಸೇರ್ಕಂಡದೆ ಅಂತ ಕೈ ಮುಗಿದ್ರು. ತೀರ್ಥದ ಜೊತೆ ಒಂದು ತುಳಸಿ ಎಲೆ ಓಗಿ ಮುಂದಿನ ಗಾಜಿಗೆ ಅಂಟ್ಕಂಡಿದ್ದು ಯಾರಿಗೂ ಕಾಣ್ಲಿಲ್ಲ. ಪಟ ತೊಳ್ದು ನೋಡಿದ್ರೆ ಗುಡಿ ಇಲ್ಲ, ಬೆಟ್ಟ ಇಲ್ಲ, ನಡೂಮಧ್ಯ ಒಂದು ಮಸಿ ಮುದ್ದೆ.

ಮುಂದಿನ ವಾರ ಅರ್ಚಕರಿಗೆ ತಂದು ತೋರಿಸ್ದ. ಅವ್ರು ಕಣ್ಣಿಗೊತ್ತಿಕೊಂಡ್ರು. "ನೋಡಿದ್ರಾ? ಶಾಂತಿ ಮಾಡಿದ್ಮೇಲೆ ದೋಷ ಒಂಚೂರೂ ಉಳಿದಿಲ್ಲ."

ಬಂಡೆ ಪಕ್ಕದ ದಂಪತಿ

ಬೆಟ್ಟದ ಮೇಲೆ ಪಟ ತೆಗೀತಾರೆ ಅಂತ ಗೊತ್ತಾದ್ರೆ ಜನ ಸುಮ್ನಿರ್ತಾರಾ? ಬುಡದ ಹಳ್ಳಿಯ ಒಬ್ಬ ಮುದುಕಪ್ಪ ಮದುವೆ ಕೋಟು ತೊಟ್ಟು, ರುಮಾಲು ಸುತ್ಕಂಡು, ಎಂಡ್ತೀನೂ ಕರ್ಕಂಡು ಅತ್ತಿ ಬಂದು ಪೆಟ್ಟಿಗೆ ಮುಂದೆ ಕಂಬ ನೆಟ್ಟಂಗೆ ನಿಂತ್ಕಂಡ.

"ತಾತ, ಸ್ವಲ್ಪ ಸರ್ಕಳಿ. ಜನ ಬೇಡ, ಬರೀ ಬಂಡೆ ಬೇಕು," ಅಂದ ನಮ್ಮೋನು.

"ಬಂಡೇಲೇನ್ ಕಂಡಿದ್ದೀಯಪ್ಪಾ? ಅದು ನಾಳೇನೂ ಇರ್ತದೆ. ನಾವಿರಾಕಿಲ್ಲ. ತಗಿ, ತಗಿ."

ಅಷ್ಟಂದ್ಮೇಲೆ ಬೇಡ ಅನ್ನಕಾಯ್ತದಾ? ಪಟ ಮೂಡೋ ಗಾಜಿನ ಪ್ಲೇಟ್ ಆಕ್ದೇನೇ, ಸುಮ್ನೆ ಮುಚ್ಚಳ ತಗ್ದು ಮುಚ್ಚಿ, "ಆಯ್ತು ತಾತ, ಚೆಂದಾಗ್ ಬಂತು" ಅಂದ. ಗಂಡ ಎಂಡ್ತಿ ನಗ್ತಾ ಇಳ್ದು ಓದ್ರು. ಶಿಷ್ಯರು ಅದ್ನೂ ಬರ್ಕಂಡ್ರು.

ಸಂತೆ ದಿನ ಮುದುಕಪ್ಪ ಸ್ಟುಡಿಯೋಗೇ ಬಂದ. "ಎಲ್ಲಪ್ಪಾ ನಮ್ ಪಟ?" ಇವ್ನು ಗಡಿಬಿಡೀಲಿ ಪಟದ ರಾಶಿ ತಡಕಾಡ್ದ. ಯಾವ್ದೋ ಬೆಟ್ಟದ ಪಟ ಎಳ್ದು, ಮೂಲೇಲಿದ್ದ ಎರಡು ಗುಂಡುಕಲ್ಲು ತೋರ್ಸಿ, "ಅಲ್ನೋಡಿ ತಾತ, ದೂರದಿಂದ ತೆಗ್ದಿದ್ದು" ಅಂದ.

ಮುದುಕಪ್ಪ ಬೆಳಕಿಗಿಡ್ಕಂಡು ಗಳಿಗೆ ಒತ್ತು ನೋಡ್ದ. "ಊ, ನಾನು ಸರಿಯಾಗ್ ಬಂದಿವ್ನಿ. ಅವ್ಳು ಮಾತ್ರ ಇನ್ನೂ ವಸಿ ದಪ್ಪ ಕಣಪ್ಪಾ."

ಇಡ್ಲಿ ಮೋಡ

ಬೆಟ್ಟದ ಪಟಕ್ಕೆ ಒತ್ತು ಮುಳುಗೋವಾಗ್ಲೇ ಬೆಳಕು ಚೆಂದ ಅಂತೆ. ಬಂಡೆ ಮೇಲೆಲ್ಲಾ ಬಂಗಾರ ಬಳ್ದಂಗೆ ಆಯ್ತದೆ, ಆದ್ರೆ ಎಣಿಸ್ದಂಗೆ ನಾಕೇ ನಿಮಿಷ ಅಂತೆ. ಅದಕ್ಕೆ ಮೂರು ಜನಾನೂ ಮಧ್ಯಾಹ್ನದಿಂದ ಬಿಸ್ಲಲ್ಲಿ ಕಾಯೋದು.

ಜೈನರು ಒತ್ತು ಮುಳುಗಿದ್ಮೇಲೆ ಉಣ್ಣಲ್ಲ ಅಂತ ಯಾರಿಗ್ ಗೊತ್ತಿಲ್ಲ? ಅವತ್ತು ಕ್ಯಾಮೆರಾ ಮುಚ್ಚಳ ತೆಗಿಯೋ ಸರದಿ ಜವಳಿಯವ್ರುದು. "ಬಂತು, ಬೆಳಕು ಬಂತು! ತಗೀರಿ!" ಅಂತ ಗುರು ಕೂಗ್ತಾನೆ. ತಿರುಗಿ ನೋಡಿದ್ರೆ ಅವ್ರು ಬುತ್ತಿ ಬಿಚ್ಚಿ, ಎರಡು ಕೈಗೂ ಇಡ್ಲಿ ಚಟ್ನಿ ಮಾಡ್ಕಂಡು ಕೂತವ್ರೆ.

"ಏನ್ರೀ ಇದು, ಈಗ್ಲೇನಾ?"

"ಏನ್ ಮಾಡೋದು ಗುರುಗಳೇ? ನೀವು ಕಾಯೋದೂ ಆ ಸೂರ್ಯಂಗೇ, ನಾನು ಕಾಯೋದೂ ಆ ಸೂರ್ಯಂಗೇ."

ಅವ್ರು ಕೈ ತೊಳ್ಕಂಡು ಬರೋ ಅಷ್ಟ್ರಲ್ಲಿ ಬಂಗಾರ ಓಗಿ ಬೂದಿ ಆಗಿತ್ತು. ತೆಗ್ದ ಪಟದಲ್ಲಿ ಆಕಾಶ ಬೋಳೋ ಬೋಳು. "ಅದಕ್ಕೇನು ಬಿಡಿ, ಪ್ಲೇಟ್ ಮೇಲೆ ಪೆನ್ಸಿಲಲ್ಲಿ ನಾನೇ ಒಂದು ಮೋಡ ಬರೀತೀನಿ," ಅಂದ್ರು ಡ್ರಾಯಿಂಗ್ ಮೇಷ್ಟ್ರು. ಬರುದ್ರು. ಪ್ಲೇಟಲ್ಲಿ ಕರೀದು ಪಟದಲ್ಲಿ ಬಿಳೀದಾಯ್ತದೆ. ಬೆಟ್ಟದ ನೆತ್ತಿ ಮೇಲೆ ದುಂಡಗೆ, ಬೆಳ್ಳಗೆ, ಉಬ್ಬಿದ ಮೋಡ. ಪಕ್ಕದಲ್ಲಿ ಅಂಥದ್ದೇ ಇನ್ನೊಂದು.

"ಮೇಷ್ಟ್ರೇ, ಯಾವ ದೇಶದ ಮೋಡ ಇಷ್ಟು ದುಂಡಗಿರ್ತದೆ?"

ಮೇಷ್ಟ್ರು ತಲೆ ಕೆರ್ಕಂಡ್ರು. "ಏನೋ ಸಾ. ಅವತ್ತು ನನ್ ಪಾಲಿನ ಇಡ್ಲೀನೂ ಜವಳಿಯವ್ರೇ ತಿಂದ್ಬಿಟ್ಟಿದ್ರು."

ಬೌಮಾನ ಬಂದ ಪಟ

ದಸರಾ ಅತ್ರ ಆಯ್ತು. ಪೆಟ್ಟಿಗೇಲಿ ಉಳ್ದಿದ್ದು ಒಂದೇ ಪ್ಲೇಟು. ಆ ಭಾನುವಾರ ನಾನೇ ಮುಂದೆ ನಿಂತು ಎಲ್ಲಾ ಸರಿ ಮಾಡ್ದೆ. ಜವಳಿಯವ್ರಿಗೆ ನಾಕು ಗಂಟೆಗೇ ಉಣ್ಣಕಿಕ್ಕಿದೆ. ಮೇಷ್ಟ್ರ ಪೆನ್ಸಿಲ್ ಕಿತ್ಕಂಡು ಬುತ್ತಿ ಗಂಟಲ್ಲಿ ಕಟ್ಟಿಟ್ಟೆ. ಅರ್ಚಕರಿಗೆ ಹೇಳಿ ಗುಡಿ ಇಂದ್ಗಡೆ ಪುಳಿಯೋಗರೆ ಹಂಚಿಸ್ದೆ. ಕೋಟು ರುಮಾಲಿನೋರೆಲ್ಲಾ ಅತ್ಲಾಗೋದ್ರು.

ಬಂಗಾರದ ಬೆಳಕು ಬಂತು. ಮುಚ್ಚಳ ತೆಗ್ದ, ಮುಚ್ಚಿದ. ಬೆಟ್ಟ, ಬಂಡೆ, ಕೆಳಗೆ ಚಾಪೆ ಆಸಿದಂಗೆ ವಲ ಗದ್ದೆ. ಒಂದು ನರಪಿಳ್ಳೆ ಇಲ್ಲ.

ಮೈಸೂರಿಂದ ಎರಡ್ನೇ ಬೌಮಾನ ಬಂತು, ಅಚ್ಚಾಕಿದ ಕಾಗ್ದ ಸಮೇತ. ಈಗ ಮಾವನ ವರಸೆ ನೋಡ್ಬೇಕಿತ್ತು. ಪಟಕ್ಕೆ ದೊಡ್ಡ ಕಟ್ಟು ಆಕ್ಸಿ ಮಂಡಿ ಬಾಗ್ಲಲ್ಲೇ ತೂಗಾಕಿ, ಬಂದೋರಿಗೆಲ್ಲಾ, "ನೋಡ್ರಪ್ಪಾ, ನಮ್ ಅಳಿಯಂದ್ರು! ಆ ಮೂಲೇಲಿ ಕಾಣ್ತದಲ್ಲ, ಬುಡದ ವಲ, ಅದು ನಂದೇ!"

ಆ ವಲದ ಪಕ್ಕದ ವಲದೋನು ಒಂದಿನ ಮಂಡಿಗೆ ಕಾಯಿ ಆಕಕ್ಕೆ ಬಂದ. ಪಟ ನೋಡ್ದ. ಸೀದಾ ನಮ್ಮ ಬೀದಿಗೆ ಬಂದು, ಸ್ಟುಡಿಯೋದ ಭೂತಗನ್ನಡಿ ಈಸ್ಕಂಡು ಓದ. ಇಂದೇನೇ ನಾನೂ ಓದೆ.

ಕನ್ನಡಿ ಇಟ್ಟು ನೋಡಿ, "ಗೌಡ್ರೇ, ಇಂಗೆ ವಸಿ ಬನ್ನಿ" ಅಂದ. ಇಬ್ರ ವಲದ ಮಧ್ಯೆ ಕತ್ತಾಳೆ ಬೇಲಿ. ಕೆಳಗೆ ನಿಂತು ನೋಡಿದ್ರೆ ದಾರ ಇಡ್ದಂಗೆ ನೆಟ್ಟಗದೆ. ಬೆಟ್ಟದ ಮೇಲಿಂದ ತೆಗ್ದ ಪಟದಲ್ಲಿ ತುಂಬಿದ ಬಸುರಿ ಒಟ್ಟೆ ಅಂಗೆ ಅವ್ನ ವಲದೊಳಕ್ಕೆ ಉಬ್ಕಂಡದೆ.

"ನಾಕು ವರ್ಷದಿಂದ ರಾಗಿ ಯಾಕ್ ಕಮ್ಮಿ ಆಯ್ತದೆ ಅಂತ ಇದ್ದೆ. ಬೇಲಿ ನಡ್ಕಂಡ್ ಬಂದದಲ್ಲ ಗೌಡ್ರೇ!"

ಮಂಡೀಲಿದ್ದೋರೆಲ್ಲಾ ಒಬ್ಬೊಬ್ರೇ ಬಗ್ಗಿ ಬಗ್ಗಿ ನೋಡಿದ್ರು. ಬೌಮಾನದ ಪಟ, ಸುಳ್ಳು ಅನ್ನಂಗೂ ಇಲ್ಲ. ಅದೇ ವಾರ ಗೌಡ್ರು ಬೇಲಿ ಕಿತ್ತು ನೆಟ್ಟಗೆ ಆಕಿಸ್ಬೇಕಾಯ್ತು. ಬೆಳಗಾದ್ರೆ ಸ್ಟುಡಿಯೋ ಬಾಗ್ಲಲ್ಲಿ ಆರು ಜನ ರೈತರು: "ಅಪ್ಪಾ, ಬೆಟ್ಟದ ಮೇಲಿಂದ ನಮ್ ವಲದ್ದೂ ಒಂದು ತೆಗ್ದುಕೊಡು. ಜನ ಯಾರೂ ಬ್ಯಾಡ."

ಮಾವ ಆ ಜನನ ತಳ್ಕಂಡೇ ಒಳಕ್ಕೆ ಬಂದ್ರು. ಕಂಕುಳಲ್ಲಿ ಕಟ್ಟು ಆಕ್ಸಿದ ಪಟ. ಈಗ ಕೋಣೆ ಬಿಡಿ ಅನ್ನಕ್ಕೆ ಬಾಯಿಲ್ಲ. ಪಟಾನ ಮೇಜಿನ ಮೇಲೆ ಕುಕ್ಕಿ, ಮೊದಲ್ನೇ ಸತಿ ಮರ್ಯಾದೆ ಬಿಟ್ಟು ಕೂಗಿದ್ರು:

"ಅವತ್ತೇ ಬಡ್ಕಂಡೆ ಕಣಯ್ಯಾ, ಜನ ನಿಲ್ಸಿ ತಗಿ ಅಂತ! ಒಂದ್ ನಾಕು ಜನ ಅಡ್ಡ ನಿಂತಿದ್ರೆ ಆ ಬೇಲಿ ಕಾಣ್ತಿತ್ತಾ?"