ಗುಂಡ್ಲುಪೇಟೆ ಟೀಮಿನ ಜಪಾನಣ್ಣ

ಒಬ್ಬರು ಒಂದು ಹೇಳಿ, ಇನ್ನೊಬ್ಬರು ಅದನ್ನು ಬೇರೇನೋ ಅಂತ ಕೇಳಿಸಿಕೊಂಡು, ಅಷ್ಟರಲ್ಲಿ ಮೂರನೆಯವರು ಕೆಲಸವನ್ನೇ ಮಾಡಿ ಮುಗಿಸಿರೋದು ನಮ್ಮ ಗುಂಡ್ಲುಪೇಟೆಯಲ್ಲಿ ದಿನಾ ನಡೆಯುತ್ತೆ. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಬಾಳೆಕಾಯಿ ಲೋಡು ಮಾಡುವಾಗ ಮಲಯಾಳ, ತರಕಾರಿ ಲಾರಿ ಹತ್ತಿರ ತಮಿಳು. ಈ ಗೊಂದಲ ಸಾಲದು ಅಂತ ಒಂದು ಸಲ ಜಪಾನಿ ಭಾಷೆಯೂ ಬಂದು ಸೇರಿಕೊಂಡಿತು.

ನಾನು ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಊರಿನ ಏಳು ಜನರ ಫುಟ್‌ಬಾಲ್ ಟೀಮಿಗೆ ಕೋಚೂ ನಾನೇ, ಮ್ಯಾನೇಜರೂ ನಾನೇ. ಟೀಮು ಕಟ್ಟಿದವರು ಬಾಳೆಕಾಯಿ ವ್ಯಾಪಾರದ ಸಾಹೇಬರು. ಕೇರಳಕ್ಕೆ ಲೋಡು ಕಳಿಸಿ ಕಳಿಸಿ ಅಲ್ಲಿನ ಫುಟ್‌ಬಾಲ್ ಹುಚ್ಚು ಹತ್ತಿಸಿಕೊಂಡವರು. ಒಂದು ದಿನ ಫೋನ್ ಮಾಡಿ, "ಮೇಷ್ಟ್ರೇ, ಒಬ್ಬ ಜಪಾನಿ ಆಟಗಾರನ್ನ ಮಾತಾಡ್ಬುಟ್ಟಿದ್ದೀನಿ. ಮೂರು ತಿಂಗಳು ನಮ್ಮ ಕಡೆ ಆಡ್ತಾನೆ. ಆದ್ರೆ ಮಂಡಿ ಸ್ವಲ್ಪ ಕೆಟ್ಟಿದೆ" ಅಂದರು. ಬಾಳೆಕಾಯಿ ಮಂಡಿಯಲ್ಲಿ ರೇಟು ಬಿದ್ದಿದೆ ಅಂದುಕೊಂಡು ನಾನು, "ಸರಿಹೋಗುತ್ತೆ ಬಿಡಿ ಸಾಹೇಬ್ರೇ, ಹಬ್ಬ ಬರ್ತಾ ಇದೆಯಲ್ಲ" ಅಂತ ಸಮಾಧಾನ ಹೇಳಿದೆ.

ಕೆಟ್ಟಿದ್ದು ಕಾಲಿನ ಮಂಡಿ. ಆತ ಜಪಾನಿನ ಮೂರನೇ ಡಿವಿಷನ್‌ನಲ್ಲಿ ಶುರು ಮಾಡಿ, ಥಾಯ್ಲೆಂಡ್, ಮಂಗೋಲಿಯಾ, ಯುರೋಪಿನ ಯಾವುದೋ ದ್ವೀಪ ಅಂತ ಏಳು ದೇಶ ಸುತ್ತಿ ಆಡಿ, ಕೊನೆಗೆ ಕೇರಳದ ಒಂದು ಕ್ಲಬ್ಬಿಗೆ ಬಂದಿದ್ದ. ಮಂಡಿಗೆ ಪೆಟ್ಟಾದ ಮೇಲೆ ಕ್ಲಬ್ಬು ಕೈಬಿಟ್ಟಿತ್ತು. ವಯಸ್ಸು ಮೂವತ್ಮೂರು. ನಾವು ಚಾಮರಾಜನಗರದ ಟೂರ್ನಮೆಂಟಿನಲ್ಲಿ ಫೈನಲ್ ಮುಟ್ಟಿದರೆ ನೋಡೋಕೆ ಬರ್ತೀನಿ ಅಂತ ಕೇರಳದ ಇನ್ನೊಂದು ಕ್ಲಬ್ಬಿನ ಮ್ಯಾನೇಜರ್ ಹೇಳಿದ್ದರು. ಅವರಿಗೆ ಹಿಡಿಸಿದರೆ ಇನ್ನೊಂದು ವರ್ಷ ಆಟ. ಇಲ್ಲದಿದ್ದರೆ ಬೂಟು ಬಿಚ್ಚಿ ಮನೆಗೆ.

ಹಾರ

ಬೆಳಿಗ್ಗೆ ಹತ್ತರ ಬಸ್ಸಿಗೆ ಬರ್ತಾನೆ ಅಂತ ಇಡೀ ಟೀಮು ಬಸ್ ಸ್ಟ್ಯಾಂಡಿನಲ್ಲಿ ಸೇರಿತ್ತು. ಸಾಹೇಬರ ಕೈಯಲ್ಲಿ ಚೆಂಡುಹೂವಿನ ಭಾರಿ ಹಾರ. ಕೇರಳದ ಬಸ್ಸು ನಿಂತಿತು. ಟ್ರ್ಯಾಕ್ ಪ್ಯಾಂಟು, ಬೆನ್ನಿಗೊಂದು ಬ್ಯಾಗು, ಚಿಕ್ಕ ಕಣ್ಣು. ಇಳಿದ ತಕ್ಷಣ ಸಾಹೇಬರು ಹಾರ ಹಾಕೇಬಿಟ್ಟರು. ನಾನು ಮೂರು ದಿನದಿಂದ ಬಾಯಿಪಾಠ ಮಾಡಿದ್ದ ಜಪಾನಿ ನಮಸ್ಕಾರ "ಕೊನ್ನಿಚಿವಾ" ಹೇಳಿ ಬಗ್ಗಿದೆ.

ಆತ ಹಾರದ ಮೇಲಿಂದ ನಮ್ಮನ್ನೆಲ್ಲ ನೋಡಿ, "ಸಾರ್, ನಂದು ಅಸ್ಸಾಂ. ಹಂಗಳದ ಹತ್ರ ರೆಸಾರ್ಟಲ್ಲಿ ಅಡುಗೆ ಮಾಡ್ತೀನಿ. ಐದು ವರ್ಷ ಆಯ್ತು" ಅಂದ.

ನಮ್ಮ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. "ತಪ್ಪಾಯ್ತು ತಮ್ಮಾ" ಅಂದರು ಸಾಹೇಬರು.

"ಪರ್ವಾಗಿಲ್ಲ ಬುಡಿ. ನೀವು ಹುಡುಕ್ತಿರೋರು ಅವ್ರೇ ಇರಬೇಕು ನೋಡಿ" ಅಂತ ಬೆರಳು ತೋರಿಸಿದ. ನಮ್ಮ ಹಿಂದಿನ ಬೆಂಚಿನ ಮೇಲೆ, ಹಿಂದಿನ ಬಸ್ಸಿಗೇ ಬಂದಿದ್ದ ಜಪಾನಿನವನು ಮಂಡಿಗೆ ಪಟ್ಟಿ ಕಟ್ಟಿಕೊಂಡು ಕೂತು, ನಾವು ಮಾಡಿದ್ದನ್ನೆಲ್ಲ ನೋಡುತ್ತಿದ್ದ.

ಸಾಹೇಬರು ಹಿಂಜರಿಯುತ್ತಲೇ ಹಾರಕ್ಕೆ ಕೈ ಚಾಚಿದರು. ಅಡುಗೆಯವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಸಾರ್, ಇದು ನಾನೇ ಇಟ್ಕೊಳ್ಳಾ? ಐದು ವರ್ಷದಲ್ಲಿ ಈ ಊರಲ್ಲಿ ನಂಗೆ ಯಾರಾದ್ರೂ 'ಬನ್ನಿ' ಅಂದಿದ್ದು ಇದೇ ಮೊದ್ಲು."

ಜಪಾನಣ್ಣನಿಗೆ ಟೀ ಕುಡಿಸಿ ಸ್ವಾಗತ ಮುಗಿಸಿದೆವು.

ಒಪ್ಪಿಕೊಳ್ಳುವ ಮನುಷ್ಯ

ಮೊದಲ ವಾರ ಪ್ರಾಕ್ಟೀಸಿನಲ್ಲಿ ಗೋಲು ಬಿತ್ತು. ನಮ್ಮ ಗೋಲ್‌ಕೀಪರ್ ಸಿಟ್ಟಿನಿಂದ, "ಯಾರ್ಲಾ ಅದು ಬಾಲ್ ಬುಟ್ಟಿದ್ದು?" ಅಂತ ಕೂಗಿದ.

ಜಪಾನಣ್ಣ ತಿರುಗಿ, "ನಾನಿ?" ಅಂದ.

ಗೋಲ್‌ಕೀಪರ್ ತಣ್ಣಗಾದ. "ನೋಡ್ರಲಾ, ದೊಡ್ಡ ಪ್ಲೇಯರ್ರು, ಆದ್ರೂ ನಾನೇ ಅಂತ ಒಪ್ಕತನೆ. ನೀವೂ ಇದೀರಿ."

ಅವತ್ತಿನಿಂದ ಯಾರದೇ ತಪ್ಪಾಗಲಿ ಒಪ್ಪಿಕೊಳ್ಳೋನು ಅವನೇ. "ಯಾರು ನೀರಿನ ಕ್ಯಾನ್ ಮಗುಚಿದ್ದು?" "ನಾನಿ?" "ಗೇಟು ಹಾಕದೆ ದನ ಬುಟ್ಟೋನ್ ಯಾರು?" "ನಾನಿ?" ಜಪಾನಿಯಲ್ಲಿ ಅದಕ್ಕೆ 'ಏನು?' ಅಂತ ಅರ್ಥ. ಪಾಪ, ಯಾರು ಏನು ಕೂಗಿದರೂ ಅವನು ಏನು ಅಂತ ಕೇಳುತ್ತಿದ್ದ, ಅಷ್ಟೇ. ಇದು ನಮಗೆ ಗೊತ್ತಾಗಿದ್ದು ಉಮ್ಮತ್ತೂರಿನ ಮ್ಯಾಚ್ ಮುಗಿದ ಮೇಲೆ.

ಆ ಮ್ಯಾಚಿನಲ್ಲಿ ನಮ್ಮ ಡಿಫೆಂಡರ್ ಎದುರಾಳಿಯ ಅಂಗಿ ಹಿಡಿದು ಎಳೆದ. ರೆಫರಿ ಸೀಟಿ ಊದಿಕೊಂಡು ಓಡಿಬಂದು, "ಯಾರ್ರೀ ಎಳೆದಿದ್ದು?" ಅಂದರು. ನಮ್ಮವರು ಆರೂ ಜನ ಆಕಾಶ ನೋಡಿದರು.

"ನಾನಿ?" ಅಂದ ಜಪಾನಣ್ಣ.

ರೆಫರಿ ಸೀಟಿ ಜೇಬಿಗೆ ಹಾಕಿದರು. "ಇಪ್ಪತ್ತು ವರ್ಷದಿಂದ ಸೀಟಿ ಊದ್ತಿದ್ದೀನಿ, ಕೇಳಿದ್ದಕ್ಕೆ ನಿಜ ಹೇಳಿದ ಆಟಗಾರನ್ನ ಇವತ್ತೇ ನೋಡಿದ್ದು" ಅಂತ ಕೈ ಕುಲುಕಿದರು. ಆಮೇಲೆ ಅದೇ ಕೈಯಲ್ಲಿ ಕೆಂಪು ಕಾರ್ಡು ತೆಗೆದು ತೋರಿಸಿದರು.

ಸರ್ವಿಸ್

ಫೈನಲ್ ತಲುಪಿದೆವು. ಯಾವುದೋ ಅರ್ಜಿಗೆ ಸೀಲು ಬೇಕಾಗಿ ಜಪಾನಣ್ಣನನ್ನೂ ಕರೆದುಕೊಂಡು ಚಾಮರಾಜನಗರದ ಒಂದು ಕಚೇರಿಗೆ ಹೋದೆ. ಟೇಬಲ್ಲಿನ ಹಿಂದೆ ರಿಟೈರ್ಮೆಂಟಿಗೆ ಹತ್ತಿರವಾದ ಗುಮಾಸ್ತರು. ಅರ್ಜಿ ಓದುತ್ತಾ, "ಏನ್ ಕೆಲ್ಸ ಇವ್ರಿಗೆ?" ಅಂದರು.

"ಮೊದ್ಲು ಥರ್ಡ್ ಡಿವಿಷನ್‌ನಲ್ಲಿದ್ರು ಸಾರ್. ಆಮೇಲೆ ಸೆಕೆಂಡ್ ಡಿವಿಷನ್. ಥಾಯ್ಲೆಂಡಲ್ಲಿ ಫಸ್ಟ್ ಡಿವಿಷನ್ ಆದ್ರು" ಅಂದೆ.

ಗುಮಾಸ್ತರು ಕನ್ನಡಕ ತೆಗೆದರು. "ಒಳ್ಳೆದಾಯ್ತು. ನಾನೂ ಸೆಕೆಂಡ್ ಡಿವಿಷನ್ ಕ್ಲರ್ಕಾಗೇ ಸೇರಿದ್ದು. ಫಸ್ಟ್ ಡಿವಿಷನ್ ಆಗೋಕೆ ಹನ್ನೊಂದು ವರ್ಷ ಕಾಯ್ಸಿದ್ರು. ಅಲ್ಲಾ, ಜಪಾನಿಂದ ಥಾಯ್ಲೆಂಡಿಗೆ ಯಾಕೆ ಹೋದ್ರು?"

"ಟ್ರಾನ್ಸ್‌ಫರ್ ಆಯ್ತು ಸಾರ್. ಅಲ್ಲಿಂದ ಮಂಗೋಲಿಯಾಕ್ಕೆ ಟ್ರಾನ್ಸ್‌ಫರ್. ಒಟ್ಟು ಏಳು."

"ಏಳು ಟ್ರಾನ್ಸ್‌ಫರಾ!" ಅಂತ ಎದ್ದೇ ನಿಂತರು. "ನನ್ನ ಬರೀ ಬೆಟ್ಟದ ತಪ್ಪಲಿಗೆ ಹಾಕಿದ್ದಕ್ಕೆ ನಮ್ಮನೆಯವ್ಳು ಮೂರು ದಿನ ಅತ್ತಿದ್ಲು. ಯಾರನ್ನ ಎದುರು ಹಾಕ್ಕೊಂಡಿದ್ರು ಇವ್ರು? ಒಂದು ಲೆಟರ್ ತಗೊಂಡು ಸ್ವಂತ ಊರಿಗೇ ಹಾಕ್ಸಿಕೊಬಾರ್ದಾ?"

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಜಪಾನಣ್ಣ ಬೇಸರದಿಂದ, ಊರಲ್ಲಿ ಯಾರೂ ತಗೊಳ್ಳಲಿಲ್ಲ, ಹದಿನಾಲ್ಕು ವರ್ಷದಿಂದ ಎಲ್ಲಾ ಕಡೆ ಕಾಂಟ್ರಾಕ್ಟ್ ಮೇಲೇ ಇದ್ದೀನಿ ಅಂದ. ಅವನು ಹೇಳಿದ್ದರಲ್ಲಿ ಗುಮಾಸ್ತರ ಕಿವಿಗೆ ಬಿದ್ದಿದ್ದು 'ಕಾಂಟ್ರಾಕ್ಟ್' ಒಂದೇ.

"ಇನ್ನೂ ಪರ್ಮನೆಂಟ್ ಮಾಡಿಲ್ವಾ? ಹದಿನಾಲ್ಕು ವರ್ಷ ಸರ್ವಿಸ್ ಆದ್ಮೇಲೂ?" ಪಕ್ಕದ ಟೇಬಲ್ಲಿನವರನ್ನೂ ಕರೆದು ತೋರಿಸಿದರು. ಐದು ನಿಮಿಷದಲ್ಲಿ ಸೀಲು ಬಿತ್ತು, ಮೇಲೆ ಬಾದಾಮಿ ಹಾಲೂ ಬಂತು.

ಹೊರಗೆ ಬಂದು ಜಪಾನಣ್ಣ ಕಚೇರಿಯ ಕಡೆ ತಿರುಗಿ ಒಂದು ಸಲ ಬಗ್ಗಿದ. ಆಮೇಲೆ ಅಂದ: "ಏಳು ದೇಶದಲ್ಲಿ ಆಡಿದೆ. ನನ್ನ ಕಷ್ಟ ಇಷ್ಟು ಚೆನ್ನಾಗಿ ಅರ್ಥ ಆದ ಮನುಷ್ಯ ಇವರೊಬ್ಬರೇ. ಇವರು ಯಾವ ಕ್ಲಬ್ಬಿಗೆ ಆಡ್ತಿದ್ರು?"

ಹಂಗಳದ ಓಟ

ಮಂಡಿ ಗಟ್ಟಿಯಾಗಲಿ ಅಂತ ಅವನು ಬೆಳಗಿನ ಹೊತ್ತು ಹಂಗಳದಿಂದ ಗೋಪಾಲಸ್ವಾಮಿ ಬೆಟ್ಟದ ಕಡೆ ಓಡಿ ಬರುತ್ತಿದ್ದ. ನಾನು ಬೈಕಿನಲ್ಲಿ ಹಿಂದೆ. ಒಂದು ದಿನ ಬೈಕು ಕೈಕೊಟ್ಟು ನಾನು ಹಿಂದೆ ಉಳಿದೆ.

ಕಾಡಿನ ಕಡೆಯಿಂದ ಒಬ್ಬ ಬೆವರು ಸುರಿಸಿಕೊಂಡು ಓಡಿಬರೋದನ್ನು ಹಾಲಿನ ಕ್ಯಾನು ಹಿಡಿದಿದ್ದ ಯಜಮಾನರೊಬ್ಬರು ನೋಡಿದರು. "ಏನಪ್ಪಾ, ಏನಾಯ್ತು?"

ಜಪಾನಣ್ಣನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ನಮ್ಮಲ್ಲಿ ಮಾತಿಗೆ ತಡಕಾಡುವಾಗ 'ಅದೂ...' ಅಂತೀವಲ್ಲ, ಹಾಗೆ ಅವರಲ್ಲಿ 'ಅನೋ...' ಅಂತಾರೆ. ಏದುಸಿರು ಬಿಡುತ್ತಾ ಅವನು, "ಆನೋ..." ಅಂದ.

"ಆನೆ ಕಣ್ರಲಾ!"

ಕ್ಯಾನು ಅಲ್ಲೇ ಬಿತ್ತು. ಯಜಮಾನರು ಓಡಿದರು. ಅವರು ಓಡಿದ್ದನ್ನು ನೋಡಿ ಹೂ ಬಿಡಿಸೋಕೆ ಹೊರಟಿದ್ದ ಹೆಂಗಸರು, ಹಲ್ಲುಜ್ಜುತ್ತಿದ್ದ ಗಂಡಸರು ಎಲ್ಲ ಓಡಿದರು. ಊರೇ ಓಡೋದನ್ನು ನೋಡಿ ಏನೋ ಅನಾಹುತವಾಗಿದೆ ಅಂತ ಜಪಾನಣ್ಣನೂ ಓಡಿದ. ಅವನು ಎಲ್ಲರಿಗಿಂತ ಮುಂದೆ ಹೋದ ಮೇಲಂತೂ ಯಾರಿಗೂ ಅನುಮಾನ ಉಳಿಯಲಿಲ್ಲ.

ನಾನು ಬೈಕು ತಳ್ಳಿಕೊಂಡು ಬರುವಷ್ಟರಲ್ಲಿ ಫಾರೆಸ್ಟ್ ವಾಚರ್ ಬಂದು ಸ್ಕೂಲ್ ಜಗಲಿ ಮೇಲೆ ಎಲ್ಲರನ್ನೂ ವಿಚಾರಿಸುತ್ತಿದ್ದ. "ಒಂಟಿ ಸಲಗ, ನಾನೇ ಕಂಡೆ" ಅಂದರು ಯಜಮಾನರು. "ಒಂಟಿ ಅಲ್ಲ ಕಣಣ್ಣ, ಮರಿನೂ ಅದೆ" ಅಂದಳು ಒಬ್ಬಾಕೆ. ಎರಡನ್ನೂ ಕೇಳಿಸಿಕೊಂಡ ವಾಚರ್, ಮರಿ ಸೇರಿ ಮೂರು ಅಂತ ಬರೆದುಕೊಂಡು ಹೋದ.

ಮೆಸ್ಸಿನ ಊಟ

ಫೈನಲ್ಲಿನ ಹಿಂದಿನ ದಿನ ಮಧ್ಯಾಹ್ನ ಸಾಹೇಬರು ಗಾಬರಿಯಾಗಿ ಫೋನ್ ಮಾಡಿದರು. "ಮೇಷ್ಟ್ರೇ, ಜಪಾನಣ್ಣ ಬ್ಯಾಗ್ ತಗೊಂಡು ಬಸ್ ಸ್ಟ್ಯಾಂಡಲ್ಲಿ ನಿಂತವ್ನೆ!"

ಓಡಿದೆ. ಅವನ ಕಣ್ಣು ಕೆಂಪಾಗಿತ್ತು. "ಸಾಕಷ್ಟು ಅವಮಾನ ಆಯ್ತು. ಮೂರು ತಿಂಗಳಿಂದ ಆ ಹೆಂಗಸು ಎಲ್ಲರ ಮುಂದೆ ನನ್ನ ಬಯ್ತಾಳೆ. ಅದೂ ಜಪಾನಿಯಲ್ಲಿ!"

ಆ ಹೆಂಗಸು ಅಂದರೆ ಅವನು ಊಟ ಮಾಡುತ್ತಿದ್ದ ಮೆಸ್ಸಿನ ಅಮ್ಮ. ಗುಂಡ್ಲುಪೇಟೆ ಬಿಟ್ಟು ನಂಜನಗೂಡು ದಾಟಿದವರಲ್ಲ. ನನಗೆ ತಲೆಬುಡ ತಿಳಿಯಲಿಲ್ಲ. ಕೈಹಿಡಿದು ಮೆಸ್ಸಿಗೇ ಕರೆದುಕೊಂಡು ಹೋದೆ.

"ಅಯ್ಯೋ ನಮ್ಮಪ್ಪಾ, ನಾನ್ಯಾಕೆ ಬಯ್ಯಲಿ?" ಅಂತ ಬಾಯಲ್ಲಿದ್ದ ಎಲೆಯಡಿಕೆ ಪಕ್ಕಕ್ಕೆ ಸರಿಸಿ ಅಮ್ಮ ಕಣ್ಣೀರು ಹಾಕಿದರು. "ಊಟಕ್ಕೆ ಕುಂತೋರ್ನ ಕೇಳ್ದಂಗೆ ಕೇಳ್ತೀನಿ. ಬೇಕಾ? ಸಾಕಾ? ಅಂತ."

"ನೋಡಿ, ಮತ್ತೆ ಬೈದಳು!" ಅಂತ ಕುಣಿದುಬಿಟ್ಟ ಜಪಾನಣ್ಣ.

ಬಿಡಿಸಿ ಬಿಡಿಸಿ ಕೇಳಿದ ಮೇಲೆ ಗೊತ್ತಾಯಿತು. ಜಪಾನಿಯಲ್ಲಿ 'ಬಕಾ' ಅಂದರೆ ಮೂರ್ಖ. 'ಸಕ್ಕಾ' ಅಂದರೆ ಫುಟ್‌ಬಾಲು. ಎಲೆಯಡಿಕೆ ಬಾಯಿಯ ಅಮ್ಮ ಮೂರು ತಿಂಗಳು, ದಿನಕ್ಕೆ ಎರಡು ಹೊತ್ತು, ಸೌಟು ಹಿಡಿದು ಅವನ ಎದುರು ನಿಂತು, "ಮೂರ್ಖಾ? ಫುಟ್‌ಬಾಲಾ?" ಅಂತ ಕೇಳುತ್ತಿದ್ದರು.

ಅರ್ಥ ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ನಕ್ಕು ಕಣ್ಣೊರೆಸಿಕೊಂಡು, "ನಮ್ಮಮ್ಮ ಫೋನ್ ಮಾಡಿದಾಗೆಲ್ಲ ಕೇಳೋದು ಈ ಎರಡೇ ಮಾತು. ಅವಳೇ ಇವರಿಗೆ ಹೇಳಿಕೊಟ್ಟಿದ್ದಾಳೆ ಅಂದುಕೊಂಡಿದ್ದೆ" ಅಂದ. 'ಬೇಕು' ಅನ್ನೋದೊಂದು ಮಾತು ಕಲಿತುಕೊಂಡು ಬ್ಯಾಗು ಒಳಗಿಟ್ಟ.

ಮಾರನೇ ದಿನ ಎರಡು ಗೋಲು ಹೊಡೆದ. ಕಪ್ಪು ನಮ್ಮದಾಯಿತು. ಸಾಯಂಕಾಲ ಮೆಸ್ಸಿನಲ್ಲಿ ಎಲ್ಲರಿಗೂ ಮುದ್ದೆ, ಉಪ್ಸಾರು. ಕೇರಳದ ಮ್ಯಾನೇಜರ್ ಜಪಾನಣ್ಣನ ಎದುರಿಗೆ ಕೂತು, ಕಾಂಟ್ರಾಕ್ಟಿನ ಕಾಗದ ಟೇಬಲ್ ಮೇಲಿಟ್ಟು, "ಮಂಡಿ ಗಟ್ಟಿಯಾಗಿದೆ. ಇನ್ನೊಂದು ವರ್ಷ ಆಡ್ತೀಯಾ, ಇಲ್ಲ ನಿಲ್ಲಿಸ್ತೀಯಾ?" ಅಂತ ಇಂಗ್ಲಿಷಿನಲ್ಲಿ ಕೇಳಿದರು. ನಾವೆಲ್ಲ ಮುದ್ದೆ ಬಿಟ್ಟು ಅವನ ಕಡೆ ತಿರುಗಿದೆವು.

ಅದೇ ಹೊತ್ತಿಗೆ ಅಮ್ಮ ಮುದ್ದೆ ತಟ್ಟೆ ಹಿಡಿದು ಬಂದು, "ಬೇಕಾ? ಸಾಕಾ?" ಅಂದರು.

ಜಪಾನಣ್ಣ ಎದ್ದು ನಿಂತು ಮೆಸ್ಸೆಲ್ಲ ಕೇಳುವಂತೆ, "ಬೇಕು!" ಅಂದ.

ಅಮ್ಮ ಎರಡು ಮುದ್ದೆ ಒಟ್ಟಿಗೇ ಬಿಟ್ಟರು. ಉಪ್ಸಾರು ಚಿಮ್ಮಿ ಕಾಂಟ್ರಾಕ್ಟಿನ ಮೇಲೆ ಬಿತ್ತು. ಮ್ಯಾನೇಜರ್ ಗಾಬರಿಯಲ್ಲಿ ಕಾಗದ ಒರೆಸುತ್ತಾ, "ಬೇಕು ಅಂದರೆ ಏನು? ಎಷ್ಟು ವರ್ಷಕ್ಕೆ ಅಂತೆ?" ಅಂತ ನನ್ನ ಕೇಳಿದರು. ನಾನು ಆ ಪ್ರಶ್ನೆಯನ್ನೇ ಕನ್ನಡದಲ್ಲಿ ಅಮ್ಮನಿಗೆ ಹೇಳಿದೆ.

"ವರ್ಷದ ಮಾತು ಆಮ್ಯಾಕಾಯ್ತದೆ" ಅಂದರು ಅಮ್ಮ. "ಮೊದ್ಲು ಆ ಎರಡು ಮುದ್ದೆ ಮುಗಿಸ್ಲಿ, ಆಮೇಲೆ ಸೈನು."