ಡಬ್ಬಿ ಹಿಡಿದು ಬರುವ ಮೊಮ್ಮಗಳು

ಬೇರೆಯವರ ಮೊಮ್ಮಕ್ಕಳು ಅಜ್ಜಿಯ ಹತ್ತಿರ ಸೀರೆ ಕೇಳುತ್ತಾರೆ, ಓಲೆ ಕೇಳುತ್ತಾರೆ. ನನ್ನ ಮೊಮ್ಮಗಳು ಕೇಳುವುದು ಏನು ಗೊತ್ತೇ? ಹೇಳಿದರೆ ನೀವು ಕೈಯಲ್ಲಿರುವ ತಿಂಡಿ ಕೆಳಗಿಡುತ್ತೀರಿ!

ಒಂದು ಸಂಜೆ ಕೆಲಸದಿಂದ ಬಂದವಳೇ ನನ್ನ ಕೈಗೆ ಪುಟ್ಟ ಡಬ್ಬಿಯೊಂದನ್ನು ಕೊಟ್ಟಳು.

“ಅಜ್ಜಿ, ಬೆಳಗ್ಗೆ ಇದ್ರಲ್ಲಿ ಒಂಚೂರು ಕಕ್ಕ ಹಾಕ್ಕೊಡು.”

“ಥೂ! ಚಿಕ್ಕೋಳಿದ್ದಾಗ ನಿಂದು ತೊಳ್ದಿದ್ದು ಸಾಲ್ದಾ, ಈಗ ನಂದು ನಿಂಗೆ ಬೇಕಾ?”

“ರಿಸರ್ಚಿಗೆ ಕಣಜ್ಜಿ!”

ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಕೂರಿಸಿಕೊಂಡು ಹೇಳಿದಳು. ನಮ್ಮ ಕರುಳಿನಲ್ಲಿ ಕಣ್ಣಿಗೆ ಕಾಣದ ಕೋಟಿಗಟ್ಟಲೆ ಜೀವಿಗಳಿವೆಯಂತೆ. ಅವಕ್ಕೂ ಮನಸ್ಸಿಗೆ ಮಂಕು ಕವಿಯುವುದಕ್ಕೂ ಏನೋ ನಂಟಿರಬಹುದಂತೆ. ಚೆನ್ನಾಗಿರುವವರದ್ದನ್ನೂ ಕಾಯಿಲೆಯವರದ್ದನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರಂತೆ. ಮನಸ್ಸಿನ ಗುಟ್ಟನ್ನು ಕಕ್ಕಸಿನಲ್ಲಿ ಹುಡುಕುವುದೇ! “ಫ್ರಿಜ್ಜಲ್ಲಿ ಹುಳಿ ಪಕ್ಕ ಇಟ್ರೆ ಕೈ ಮುರೀತೀನಿ” ಎಂದು ಗದರಿಸಿ ಡಬ್ಬಿ ತುಂಬಿಸಿಕೊಟ್ಟೆ. ಏನು ಮಾಡುವುದು, ಮೊಮ್ಮಗಳು ಕೇಳಿದ್ದಲ್ಲವೇ!

ಗಂಗಾನಗರದ ನೆಂಟರ ಮನೆಯ ನಾಮಕರಣಕ್ಕೆ ಕರೆದುಕೊಂಡು ಹೋದರೆ ಅಲ್ಲೂ ಅದೇ ಕಥೆ. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ ಹಿರಿಯರೊಬ್ಬರ ಮುಂದೆ ಡಬ್ಬಿ ಹಿಡಿದಳು. ವಿಷಯ ಕೇಳಿದ ಅವರು, “ಇಷ್ಟ್ ಚಿಕ್ ಡಬ್ಬಿ ಯಾಕಮ್ಮಾ? ತೋಟದಲ್ಲಿ ಎಲ್ಡ್ ಎಮ್ಮೆ ಅವೆ, ಮಂಕ್ರಿ ತಗೊಂಡ್ ಬಾ!” ಎಂದರು. ಇಡೀ ಪಂಕ್ತಿ ನಕ್ಕಿತು. ಅವಳೂ ನಕ್ಕಳು.

ಆಟೋದಲ್ಲಿ ಬರುವಾಗ ಮೆಲ್ಲಗೆ ಕೇಳಿದೆ: “ಇದ್ರಿಂದ ನಿಮ್ಮಮ್ಮಂಗೆ ವಾಸಿ ಆಗುತ್ತಾ?”

“ಗೊತ್ತಿಲ್ಲಜ್ಜಿ. ಇನ್ನೂ ಯಾರ್ಗೂ ಗೊತ್ತಿಲ್ಲ.”

ಅವಳ ಅಮ್ಮ ಎಂದರೆ ನನ್ನ ಮಗಳು. ಮನೆಯಲ್ಲಿ ಸಾವಾಗಿರಲಿಲ್ಲ, ಜಗಳವಾಗಿರಲಿಲ್ಲ. ಆದರೂ ಮಂಕು ಕವಿದು ಕೋಣೆ ಸೇರಿದಳು. ಡಾಕ್ಟರು ಕೊಟ್ಟ ಮಾತ್ರೆಯಿಂದ ನಿದ್ದೆ ಬಂತು, ಊಟ ಸೇರಿತು. ಮಾತು ಮಾತ್ರ ಬರಲಿಲ್ಲ. ಹೆತ್ತ ಮಗಳು ಎದುರಿಗಿದ್ದೂ ಇಲ್ಲದಂತಾದರೆ ಎಲ್ಲಿ ಹೋಗಿ ಅಳುವುದು ಹೇಳಿ? ನಾನು ಬಚ್ಚಲುಮನೆಯಲ್ಲಿ ನಲ್ಲಿ ತಿರುಗಿಸಿಟ್ಟು ಅಳುತ್ತಿದ್ದೆ. ಮೊಮ್ಮಗಳು ಅಳಲಿಲ್ಲ, ಡಬ್ಬಿ ಹಿಡಿದಳು.

ಈ ಸೋಮವಾರ ಬೆಳಗ್ಗೆ ಮಾತ್ರೆ ಕೊಡಲು ಅಮ್ಮನ ಮಂಚದ ಹತ್ತಿರ ಬಗ್ಗಿದಳು. ಬಿಚ್ಚಿದ್ದ ಕೂದಲು ಅಮ್ಮನ ಕೈ ಮೇಲೆ ಬಿತ್ತು. ನನ್ನ ಮಗಳು ಅದನ್ನು ಮುಟ್ಟಿ ನೋಡಿದಳು.

“ಏನೇ ಇದು ತಲೆ? ಎಣ್ಣೆ ಕಂಡು ಎಷ್ಟ್ ದಿನ ಆಯ್ತು?”

ಅಯ್ಯೋ, ಕೇಳಿದಿರಾ! ಬೈದಳು! ನನ್ನ ಮಗಳು ಬಾಯಿ ಬಿಟ್ಟು ಬೈದಳು! ಎಣ್ಣೆ ಬಾಟಲಿಗೆಂದು ಓಡಿದ ಭರದಲ್ಲಿ ಬಾಗಿಲಿಗೆ ಮಂಡಿ ಹೊಡೆಸಿಕೊಂಡೆ, ನೋವೂ ಗೊತ್ತಾಗಲಿಲ್ಲ. ಊರಿಗೆಲ್ಲ ಭಾಷಣ ಮಾಡುವ ಹುಡುಗಿ ತುಟಿ ಕಚ್ಚಿಕೊಂಡು ನೆಲದ ಮೇಲೆ ಕೂತಳು. ಅಮ್ಮ ಎಣ್ಣೆ ಹಚ್ಚಿದಳು, ಸಿಕ್ಕು ಬಿಡಿಸಿದಳು, ಜಡೆ ಶುರು ಮಾಡಿದಳು. ಅರ್ಧಕ್ಕೆ ಕೈ ಸೋತಿತು. ಗೋಡೆಯ ಕಡೆ ತಿರುಗಿ ಮಲಗಿದಳು.

“ಬಾ ಮಗಾ, ಉಳಿದಿದ್ದು ನಾನ್ ಹಾಕ್ತೀನಿ” ಎಂದೆ.

“ಬೇಡಜ್ಜಿ. ಮುಟ್ಬೇಡ.”

ಆ ಅರ್ಧ ಜಡೆ ಬಿಚ್ಚಿಹೋಗದ ಹಾಗೆ ಕೈಯಲ್ಲಿ ಹಿಡಿದುಕೊಂಡೇ ಬಸ್ಸು ಹತ್ತಿದಳು.