ಸೀಟಿಗೊಂದು, ಮೂಗಿಗೊಂದು

ಹುಲಿಗೆ ಹೆದರದೆ ಸೀನಿಗೆ ಹೆದರುವ ಮನುಷ್ಯನನ್ನು ನೀವು ನೋಡಿರಲಾರಿರಿ. ನಾನು ನೋಡಿದ್ದೇನೆ, ಅವನು ನನ್ನ ಸೋದರಮಾವ. ಬಿಳಿಗಿರಿರಂಗನ ಬೆಟ್ಟದಲ್ಲಿ ಅರಣ್ಯ ಇಲಾಖೆಯ ವಾಚರ್ ಆಗಿ ತಲೆ ನರೆಸಿಕೊಂಡವನು, ಬರೀ ಗಂಟಲಿನಿಂದ ಆನೆ ಓಡಿಸಿದವನು. ಅಂಥವನು ಈಗ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಸೀನಿದರೆ ಕಂಬದ ಹಿಂದೆ ಅವಿತುಕೊಳ್ಳುತ್ತಾನೆ. ಆನೆಯಾದರೆ ಕೊಂಬೆ ಮುರಿದು, ಬರುತ್ತಿದ್ದೇನೆ ಎಂದು ಹೇಳಿ ಬರುತ್ತದಂತೆ. ಈ ಫ್ಲೂ ಎನ್ನುವುದು ಹೇಳದೆ ಕೇಳದೆ ಪಕ್ಕದ ಸೀಟಿಗೆ ಬಂದು ಕೂರುತ್ತದಂತೆ.

ನಗುವುದಾದರೆ ಸ್ವಲ್ಪ ತಡೆದು ನಗಿ. ಮೂರು ವರ್ಷದ ಕೆಳಗೆ ಗೌರಿ ಹಬ್ಬಕ್ಕೆ ಅಮ್ಮನಿಗೆ ತವರಿನ ಬಾಗಿನ ಕೊಡಲು ಮಾವ ಮಾಂಬಳ್ಳಿಯಿಂದ ಲೊಕ್ಕನಹಳ್ಳಿಯ ನಮ್ಮ ಮನೆಗೆ ಬಂದಿದ್ದ. ಬಾಗಿನದ ಜೊತೆ ಬಸ್ಸಿನಲ್ಲಿ ಹತ್ತಿದ ನೆಗಡಿಯನ್ನೂ ತಂದಿದ್ದ. ಅವನಿಗೆ ಬೇಗನೆ ವಾಸಿಯಾಯಿತು. ಅಮ್ಮ ಮಾತ್ರ ಆಸ್ಪತ್ರೆ ಸೇರಿ, ಹೇಗೋ ಉಳಿದು, ಅರ್ಧ ಉಸಿರಿನಲ್ಲಿ ಮನೆಗೆ ಬಂದಳು. ಇನ್ನೊಂದು ಜ್ವರವನ್ನು ಈ ಎದೆ ತಡೆಯುವುದಿಲ್ಲ ಎಂದು ಹನೂರಿನ ಡಾಕ್ಟರು ಹೇಳಿದರು. ಆ ಮಾತು ಮಾವನ ತಲೆಯಿಂದ ಇವತ್ತಿಗೂ ಇಳಿದಿಲ್ಲ. ಇರುವವಳು ಒಬ್ಬಳೇ ಅಕ್ಕ, ನೋಡದೆ ಇರಲಾರ. ನೋಡಬೇಕೆಂದರೆ ಬಸ್ಸು ಹತ್ತದೆ ವಿಧಿಯಿಲ್ಲ. ಇವನ ಹುಚ್ಚಿನ ಮೂಲ ಇಷ್ಟೇ.

ನಮ್ಮ ಕಡೆ ಬಸ್ಸಿನಲ್ಲಿ ಸೀಟು ಸಿಗಬೇಕೆಂದರೆ ಕಿಟಕಿಯಿಂದ ಟವೆಲ್ ಎಸೆಯಬೇಕಲ್ಲವೇ? ಮಾವನೂ ಎಸೆಯುತ್ತಿದ್ದ. ಆದರೆ ಸೀಟು ಮುಟ್ಟಿದ ಟವೆಲ್ಲನ್ನು ಮತ್ತೆ ಮೂಗಿಗೆ ಕಟ್ಟುವುದು ಹೇಗೆ? ಅದಕ್ಕೆ ಎರಡು ಟವೆಲ್ ಇಟ್ಟುಕೊಂಡ. ಎರಡೂ ಬಿಳಿಯವು. ಒಮ್ಮೆ ದಾರಿಯ ಮಧ್ಯದಲ್ಲಿ ಯಾವುದು ಸೀಟಿನದು, ಯಾವುದು ಮೂಗಿನದು ಎಂಬ ಅನುಮಾನ ಬಂದು, ಎರಡನ್ನೂ ಕಿಟಕಿಯಿಂದಾಚೆ ಎಸೆದು ಊರು ಬರುವವರೆಗೆ ಅಂಗಿಯ ಕಾಲರ್ ಕಚ್ಚಿಕೊಂಡು ಕೂತಿದ್ದ. ಅಲ್ಲಿಂದೀಚೆಗೆ ಸೀಟಿಗೆ ಕೆಂಪು, ಮೂಗಿಗೆ ಬಿಳಿ.

ಇನ್ನೊಂದು ಸಲ ತಾನೇ ಕೆಮ್ಮುವ ಉಪಾಯ ಹೂಡಿದ. ಕೆಮ್ಮುವವನ ಪಕ್ಕ ಯಾರು ಕೂರುತ್ತಾರೆ? ಉಪಾಯ ಫಲಿಸಿತು, ಪಕ್ಕದ ಸೀಟು ಖಾಲಿ ಉಳಿಯಿತು. ಆದರೆ ಕಂಡಕ್ಟರ್ ಕರುಣಾಳು.

"ಯಜಮಾನ್ರೇ, ಇಂಗ್ ಕೆಮ್ಮಿದ್ರೆ ಊರ್ ತಲುಪಕಿಲ್ಲ ನೀವು. ಆಸ್ಪತ್ರೆ ತಾವು ನಿಲ್ಲುಸ್ತೀನಿ, ಇಳ್ಕಳಿ."

"ನಂಗೇನೂ ಆಗಿಲ್ಲ ಸಾ."

"ಎಲ್ರೂ ಅಂಗೇ ಅನ್ನದು."

ಬಸ್ಸಿನವರೆಲ್ಲ ಸೇರಿ ಕೈಹಿಡಿದು ಇಳಿಸಿದರು. ಆಸ್ಪತ್ರೆಯ ಮುಂದೆ ಊರಿನ ಕೆಮ್ಮೆಲ್ಲ ಸಾಲಾಗಿ ನಿಂತಿತ್ತು. ಆ ದಿನ ಮಾವ ನಮ್ಮ ಮನೆಗೆ ಬರಲೇ ಇಲ್ಲ. ಮುಂದಿನ ಬಸ್ಸಿಗೆ ಮಾಂಬಳ್ಳಿಗೆ ವಾಪಸಾದ.

ಬಂದ ದಿನಗಳಲ್ಲಾದರೂ ಒಳಗೆ ಬಂದನೇ? ಇಲ್ಲ. ಜಗಲಿಯ ತುದಿಯಲ್ಲಿ ಕಣ್ಣಷ್ಟೇ ಕಾಣುವಂತೆ ಟವೆಲ್ ಸುತ್ತಿಕೊಂಡು ಕೂರುತ್ತಿದ್ದ, ನೀರನ್ನೂ ಕುಡಿಯುತ್ತಿರಲಿಲ್ಲ.

"ನಿನ್ ಮುಕ ಎಂಗದೆ ಅಂತ್ಲೇ ಮರ್ತೋಯ್ತು ಕಣ್ಲಾ" ಎಂದು ಅಮ್ಮ ಗೊಣಗುತ್ತಿದ್ದಳು.

"ಮುಕದಲ್ಲೇನದೆ ಬುಡಕ್ಕ. ಅದೇ ಹಳೇದು."

ಈ ಸಲದ ಗೌರಿ ಹಬ್ಬದ ದಿನ ಹೂವು ಹಣ್ಣು ತರಲು ಕೊಳ್ಳೇಗಾಲಕ್ಕೆ ಹೋಗಿದ್ದ ನಾನೂ ಮಾವನ ಬಸ್ಸಿನಲ್ಲೇ ಇದ್ದೆ. ಕಾಲಿಡಲು ಜಾಗವಿರಲಿಲ್ಲ. ಮಾವ ಬಿಳಿ ಟವೆಲ್ ಬಿಗಿದು, ಬಾಗಿನದ ಚೀಲವನ್ನು ಕಾಲಡಿ ಇಟ್ಟುಕೊಂಡು ಕಿಟಕಿಗೆ ಅಂಟಿ ಕೂತಿದ್ದ. ನಿಂತವರ ಕೈಯಲ್ಲಿರುವ ಮಗು ಕೂತವರ ತೊಡೆಗೆ ಸೇರುವುದು ನಮ್ಮ ಬಸ್ಸುಗಳ ಕಟ್ಟಳೆ, ಅದಕ್ಕೆ ಯಾರೂ ಒಲ್ಲೆ ಎನ್ನುವಂತಿಲ್ಲ. ಒಬ್ಬ ಹೆಂಗಸು "ಅಣ್ಣಾ, ಒಸಿ ಕೂರುಸ್ಕಳಿ" ಎಂದವಳೇ, ಸಿಂಬಳ ಸುರಿಸುತ್ತಿದ್ದ ಹೆಣ್ಣುಮಗುವನ್ನು ಮಾವನ ತೊಡೆಗೆ ಇಳಿಸಿಬಿಟ್ಟಳು.

ಮಾವ ಮರಗಟ್ಟಿಹೋದ. ಮಗು ಅವನ ಎದೆಗೆ ತಲೆಯಿಟ್ಟು ಕಣ್ಣು ಮುಚ್ಚಿತು.

"ಮೈ ಕಾಯ್ತಾ ಅದೆ ಕಣ್ಲಾ" ಎಂದ ಮೆಲ್ಲಗೆ, ಪಕ್ಕದಲ್ಲೇ ನಿಂತಿದ್ದ ನನಗೆ.

"ಇಲ್ಲಿ ಕೊಡು ಮಾವ."

"ಬ್ಯಾಡ. ನೀನು ಅಕ್ಕನ್ ಜೊತೇಲಿರೋನು. ಡ್ರೈವರ್ ತಾವ್ಕೋಗು."

ಮುಂದೆ ಹೋಗಿ ತಿರುಗಿ ನೋಡಿದೆ. ಮಗು ಕೆಮ್ಮಿ ಕೆಮ್ಮಿ ಅಳುತ್ತಿತ್ತು. ಮಾವ ಮೂಗಿನ ಟವೆಲ್ ಬಿಚ್ಚಿ ಮಗುವಿನ ಮುಖ ಒರೆಸಿದ, ಅದನ್ನೇ ಅದರ ಕಿವಿ ಮುಚ್ಚುವಂತೆ ಸುತ್ತಿದ. ಬೆನ್ನು ತಟ್ಟತೊಡಗಿದ.

ಊರು ಬಂದಾಗ ಮಗುವನ್ನು ಟವೆಲ್ ಸಮೇತ ತಾಯಿಗೆ ಕೊಟ್ಟು ಇಳಿದ. ನಮ್ಮ ಮನೆ ರಸ್ತೆಯ ಬದಿಗೇ ಇದೆ. ಮಾವ ರಸ್ತೆ ದಾಟಲಿಲ್ಲ. ಆಚೆಯ ಮೋರಿಕಟ್ಟೆಯ ಒಂದು ತುದಿಯಲ್ಲಿ ಚೀಲವಿಟ್ಟು, ಇನ್ನೊಂದು ತುದಿಯಲ್ಲಿ ಕೆಂಪು ಟವೆಲ್ ಹಾಸಿಕೊಂಡು ಕೂತ.

"ಅಕ್ಕಾ, ಬಾಗ್ನ ಬಿಸ್ಲಲ್ಲಿರ್ಲಿ, ನಾಳಿಕ್ ಮುಟ್ಟು. ಲೇ, ನೀನೂ ಒಳಕ್ಕೋಗ್ಬ್ಯಾಡ, ನಾಕ್ ದಿನ ಕೊಟ್ಟಿಗೇಲಿ ಮಲ್ಕೋ."

ಅಮ್ಮ ಬಾಗಿಲಿಗೆ ಬಂದಳು. "ಹಬ್ಬದ್ ದಿನ ರಸ್ತೇಲಿ ಕೂತ್ಕಂಡಿದ್ದೀಯಲ್ಲ, ಬಾರ್ಲಾ" ಎಂದು ಜಗಲಿ ಇಳಿಯಹೋದಳು. ಮಾವ ಎದ್ದು ಹಿಂದೆ ಸರಿದ. ಅಮ್ಮ ಇನ್ನೊಂದು ಹೆಜ್ಜೆ ಇಟ್ಟಳು, ಮಾವ ಇನ್ನೂ ಹಿಂದಕ್ಕೆ ಹೋದ. ಹಿಂದೆ ಚರಂಡಿ. ಅಮ್ಮ ಏದುಸಿರು ಬಿಡುತ್ತ ಜಗಲಿಯ ಮೇಲೇ ಕೂತಳು. ಸುಧಾರಿಸಿಕೊಂಡು, ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. ಅವಳ ದನಿಯೇ ಬದಲಾಯಿತು.

"ಅಯ್ಯೋ, ಮೀಸೆ ಯಾವಾಗ್ಲಾ ಬೆಳ್ಳಗಾಯ್ತು?"

ಮಾವ ಗಾಬರಿಯಿಂದ ಮುಖ ಮುಟ್ಟಿ ನೋಡಿಕೊಂಡ. ಟವೆಲ್ ಇರಲಿಲ್ಲ. ಅಂಗೈಯಲ್ಲಿ ಬಾಯಿ ಮುಚ್ಚಲು ಹೋದ.

"ಕೈ ತಗಿ" ಎಂದಳು ಅಮ್ಮ. "ಅಲ್ಲೇ ಇರು, ಬ್ಯಾಡ ಅನ್ನಕಿಲ್ಲ. ಕೈ ತಗಿ."

ತೆಗೆದ.

ನನ್ನ ಹೆಂಡತಿ ಒಂದು ಎಲೆಯನ್ನು ಜಗಲಿಗೆ ಬಡಿಸಿದಳು, ಇನ್ನೊಂದನ್ನು ಮೋರಿಕಟ್ಟೆಯ ಮೇಲಿಟ್ಟು ಬಂದಳು. ನನ್ನದು ಕೊಟ್ಟಿಗೆಗೆ ಬಂತು. ಅಕ್ಕ ತಮ್ಮ ಮೂರು ವರ್ಷದ ಮೇಲೆ ಎದುರೆದುರು ಕೂತು ಉಂಡರು, ನಡುವೆ ಟಾರು ರಸ್ತೆ. ವಾಪಸು ಹೋಗುವ ಬಸ್ಸು ಬರುವವರೆಗೆ ಅಮ್ಮ ತಮ್ಮನ ಮುಖ ಬಿಟ್ಟು ತನ್ನ ಎಲೆಯ ಕಡೆ ನೋಡಲೇ ಇಲ್ಲ.